ವೆಕ್ಟರ್ ಎಂಬ ಶಬ್ದ

ಅರಸೀಕೆರೆಯಿಂದ ಬಾಣಾವರವು ಸರಳರೇಖೆಯಲ್ಲಿ ಸುಮಾರು 15 ಕಿಲೋಮೀಟರು. ಅಷ್ಟನ್ನೇ ನಂಬಿ ಹೊರಟವನು ತಿಪಟೂರಿನ ಕಡೆಗೂ ಹೋದಾನು. ವಾಯವ್ಯಕ್ಕೆ 15 ಎಂದರೆ ಊರು ತಪ್ಪದು. ಹೀಗೆ ಪ್ರಮಾಣದೊಡನೆ ದಿಕ್ಕನ್ನೂ ಉಳ್ಳ ರಾಶಿಗೆ ನಮ್ಮ ಪಠ್ಯಪುಸ್ತಕಗಳು ಸದಿಶವೆಂದು ಹೆಸರಿಟ್ಟಿವೆ. ಇಂಗ್ಲಿಷಿನಲ್ಲಿ ಅದು ವೆಕ್ಟರ್. ಲ್ಯಾಟಿನ್ನಿನಲ್ಲಿ ಈ ಶಬ್ದಕ್ಕೆ ಹೊರುವವನು ಎಂದರ್ಥ. ಐರ್ಲೆಂಡಿನ ಹ್ಯಾಮಿಲ್ಟನ್ನರು 1840ರ ದಶಕದಲ್ಲಿ ಇದನ್ನು ಗಣಿತದಲ್ಲಿ ಈಗಿನ ಅರ್ಥಕ್ಕೆ ಬಳಸಿದರು: ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೊತ್ತೊಯ್ಯುವುದೇ ವೆಕ್ಟರ್.

ವೈದ್ಯರ ಬಾಯಲ್ಲಿ ಅದೇ ಶಬ್ದವು ಸೊಳ್ಳೆಯಂಥ ಜೀವಿಗಳನ್ನು ಸೂಚಿಸುವುದು. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಅನಾಫಿಲೀಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡರು. ಸೊಳ್ಳೆಯು ರೋಗವಲ್ಲ, ರೋಗವನ್ನು ಹೊರುವ ಪ್ರಾಣಿ. ಆದಕಾರಣ ಕನ್ನಡದಲ್ಲಿ ರೋಗವಾಹಕ. ಈ ಭೇದವನ್ನು ಗೃಹಿಣಿಯರು ಅವಶ್ಯವಾಗಿ ತಿಳಿಯತಕ್ಕದ್ದು. ಮಲೇರಿಯಾ ರೋಗಿಯನ್ನು ಮುಟ್ಟಿ ಉಪಚರಿಸಿದರೆ ರೋಗ ಹತ್ತದು. ಮನೆಯ ಸುತ್ತ ನೀರು ನಿಲ್ಲಗೊಟ್ಟರೆ ಸೊಳ್ಳೆ ಹುಟ್ಟಿ, ಅದನ್ನು ಮನೆಮಂದಿಗೆಲ್ಲ ಹಂಚೀತು.

ಗಣಕಯಂತ್ರದವರ ವೆಕ್ಟರ್ ಮತ್ತೊಂದು ಬಗೆ. ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಅದು ಸೇರಿಸಿದಂತೆಲ್ಲ ಬೆಳೆಯುವ ಪಟ್ಟಿ. ಬಾಣಾವರದಲ್ಲಿ ರೈಲು ಹತ್ತಿದವರ ಹೆಸರುಗಳನ್ನೂ ಅದರಲ್ಲಿಡಬಹುದು. ದಿಕ್ಕಿನ ಮಾತೇ ಇಲ್ಲ! ಹಳೆಯ ಲಿಸ್ಪ್ ವಂಶದ ಭಾಷೆಗಳಿಂದ ಈ ಹೆಸರನ್ನು ತೆಗೆದುಕೊಂಡ ಸ್ಟೆಪಾನೋವ್ ಅವರೇ, ಅದು ಗಣಿತದ ಅರ್ಥಕ್ಕೆ ಹೊಂದದೆಂದು ಮುಂದೆ ಒಪ್ಪಿದರು.

ಕನ್ನಡದಲ್ಲಿ ಓದಿದ ಬಾಲಕನಿಗೆ ಸದಿಶ, ರೋಗವಾಹಕಗಳು ಬೇರೆಬೇರೆಯಾಗಿ ತಿಳಿದಿರುತ್ತವೆ. ಕಾಲೇಜಿನಲ್ಲಿ ಎರಡೂ ವೆಕ್ಟರ್ ಆದಾಗ ಅವನು ಬೆದರುವನು. ಹೊರುವುದು ಎಂಬ ಮೂಲಾರ್ಥವನ್ನು ಉಪಾಧ್ಯಾಯರು ಮೊದಲೇ ಹೇಳಿದ್ದರೆ ಆ ತೊಡಕು ಇರದು. ಮೂರನೆಯದನ್ನು ಸರವೆಂದು ಕರೆಯಬಹುದೆಂದು ನಮಗೆ ತೋರುತ್ತದೆ. ಮಣಿ ಪೋಣಿಸಿದಷ್ಟೂ ಅದು ಉದ್ದವಾಗುವುದಷ್ಟೆ.