ತಾಯಿಶಿಲೆ

ಎಳ್ಳಿನಲ್ಲಿ ಎಣ್ಣೆ ಅಡಗಿರುವಂತೆ ಕಪ್ಪು ಶಿಲೆಯಲ್ಲಿ ಕಲ್ಲೆಣ್ಣೆ ಅಡಗಿರುತ್ತದೆ, ಹಿಂಡಿದರೆ ಸಾಕು ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಉಂಟು. ಆದರೆ ಕಲ್ಲೆಣ್ಣೆಯು ಗಾಣದ ಎಣ್ಣೆಯಲ್ಲ. ಪಾಕವಾಗಿ ಇಳಿಯಬೇಕಾದ ವಸ್ತು. ಉರಿ ಸಾಲದಿದ್ದರೆ ಎಷ್ಟು ಕಪ್ಪಾದ ಕಲ್ಲೂ ಎಣ್ಣೆಯನ್ನು ಬಿಡದು. ಇದಕ್ಕೆ ಇಂಗ್ಲೆಂಡಿನ ಒಂದು ಕಡಲತೀರಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ.

ಆ ದೇಶದ ದಕ್ಷಿಣ ತೀರದ ಡಾರ್ಸೆಟ್ ಪ್ರಾಂತದಲ್ಲಿ ಕಿಮ್ಮರಿಜ್ ಎಂಬ ಹಳ್ಳಿಯಿದೆ. ಅಲ್ಲಿಯ ಕಡಲಬಂಡೆಗಳು ಪದರ ಪದರವಾದ ಕಪ್ಪು ಜೇಡಿಶಿಲೆ. ರೋಮನರ ಕಾಲದಲ್ಲಿ ಅದನ್ನು ಕಡೆದು ಬಳೆಗಳನ್ನು ಮಾಡುತ್ತಿದ್ದರು. ಮುಂದೆ ಹಳ್ಳಿಗರು ಕಲ್ಲಿದ್ದಲಿನಂತೆ ಒಲೆಗೆ ಹಾಕಿದರು, ಗಂಧಕದ ನಾತವನ್ನೂ ಸಹಿಸಿಕೊಂಡರು! 1959ರಲ್ಲಿ ಆ ಬಂಡೆಯ ನೆತ್ತಿಯಲ್ಲಿ ಬಾವಿ ಕೊರೆದಾಗ ಕಲ್ಲೆಣ್ಣೆಯೇ ದೊರೆಯಿತು. ಅದು ಈ ಕಪ್ಪು ಕಲ್ಲಿನದೇ ಎಂದು ಯಾರಾದರೂ ಹೇಳಿಯಾರು. ಅಲ್ಲ. ಬಹಳ ಕೆಳಗಿರುವ, ಇನ್ನೂ ಹಳೆಯದಾದ ಲಯಾಸ್ ಎಂಬ ಜೇಡಿಶಿಲೆಯಲ್ಲಿ ಹುಟ್ಟಿ, ನಡುವಣ ಸುಣ್ಣಶಿಲೆಯ ಬಿರುಕುಗಳಲ್ಲಿ ನಿಂತಿದ್ದ ಎಣ್ಣೆ ಅದು. ಮೇಲಿನ ಕಪ್ಪು ಶಿಲೆಗೆ ಅದರಲ್ಲಿ ಪಾಲಿಲ್ಲ.

ಆ ಶಿಲೆಯಲ್ಲಿ ಸಾಮಗ್ರಿಯ ಕೊರತೆಯೇನೂ ಇಲ್ಲ. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಕಡಲಿತ್ತು. ನೀರಿನಲ್ಲಿ ಬೆಳೆದ ಸೂಕ್ಷ್ಮವಾದ ಪಾಚಿಯು ಸತ್ತು, ನಯವಾದ ಜೇಡಿಯೊಡನೆ ತಳಕ್ಕಿಳಿಯಿತು. ತಳದ ನೀರಿನಲ್ಲಿ ಆಮ್ಲಜನಕವಿಲ್ಲದ ಕಾರಣ ಅದು ಪೂರ್ತಿ ಕೊಳೆಯಲಿಲ್ಲ. ಅಂಥ ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಗಳು ಸಲ್ಫೇಟನ್ನು ಒಡೆದು ಹೈಡ್ರೊಜನ್ ಸಲ್ಫೈಡನ್ನು ಹೊರಹಾಕುತ್ತವೆ. ಅದು ಕಬ್ಬಿಣದೊಡನೆ ಕೂಡಿದರೆ ಚಿನ್ನದಂತೆ ಹೊಳೆಯುವ ಪೈರೈಟ್ ಖನಿಜವಾಗುತ್ತದೆ. ಆದುದರಿಂದ ಕಪ್ಪು ಜೇಡಿಶಿಲೆಯಲ್ಲಿ ಹೇರಳವಾಗಿ ಕಾಣುವ ಪೈರೈಟ್, ಉಸಿರಿಲ್ಲದ ಆ ಕಡಲತಳದ ಸಾಕ್ಷಿ. ಗಂಧಕದ ನಾತಕ್ಕೂ ಇದೇ ಒಂದು ಕಾರಣ. 1826ರಲ್ಲಿ ಅದೇ ತೀರದ ಒಂದು ಬಂಡೆ ತಾನಾಗಿ ಹೊತ್ತಿ ಕೆಲವು ವರ್ಷ ಹೊಗೆಯಾಡಿತು. ಪೈರೈಟ್ ಗಾಳಿಗೆ ಸಿಕ್ಕಿ ಕಾವೇರಿದುದೇ ಕಾರಣವೆನ್ನುತ್ತಾರೆ.

ಹೀಗೆ ಉಳಿದ ಜೈವಿಕ ವಸ್ತುವು ಕಾಲಾಂತರದಲ್ಲಿ ಕೆರೋಜೆನ್ ಎಂಬ ಗಟ್ಟಿ ಪದಾರ್ಥವಾಗುತ್ತದೆ. ಅದು ಯಾವ ಸಾಮಾನ್ಯ ದ್ರಾವಕದಲ್ಲಿಯೂ ಕರಗದು. ಅದರ ದೊಡ್ಡ ಅಣುಗಳನ್ನು ಒಡೆಯುವುದು ಉಷ್ಣ ಮತ್ತು ಕಾಲ. ನೆಲದೊಳಕ್ಕೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯಷ್ಟು ಉಷ್ಣತೆ ಏರುತ್ತದೆ. ಸುಮಾರು 60ರಿಂದ 120 ಡಿಗ್ರಿಯೊಳಗೆ ಕೆರೋಜೆನ್ ಎಣ್ಣೆಯಾಗುತ್ತದೆ. ಉರಿ ಅತಿಯಾದರೆ ಅನಿಲವಾಗುತ್ತದೆ. ಕಿಮ್ಮರಿಜ್‌ನ ಶಿಲೆ ಅಷ್ಟು ಆಳಕ್ಕೆ ಇಳಿಯಲೇ ಇಲ್ಲ. ಅದೇ ಶಿಲೆ ಉತ್ತರ ಸಮುದ್ರದ ಅಡಿಯಲ್ಲಿ 3 ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಹೂತು ಬೆಂದಿತು. 1971ರಲ್ಲಿ ಪತ್ತೆಯಾದ ಪ್ರಸಿದ್ಧ ಬ್ರೆಂಟ್ ನಿಕ್ಷೇಪದ ಎಣ್ಣೆಗೆ ತಾಯಿ ಅದೇ ಶಿಲೆ.

ಈ ಬೇಯುವಿಕೆಯ ಗುರುತು ಜೇಡಿಯಲ್ಲಿಯೂ ಉಳಿಯುತ್ತದೆ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ನಮ್ಮ ಎರೆಭೂಮಿಯನ್ನು ಎಲ್ಲರೂ ಬಲ್ಲರು. ಅದಕ್ಕೆ ಕಾರಣ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ. ತನ್ನ ಹಾಳೆಗಳ ನಡುವೆ ಅದು ನೀರನ್ನು ಹಿಡಿದುಕೊಳ್ಳುತ್ತದೆ. ಆಳದ ಕಾವಿನಲ್ಲಿ ಇದೇ ಖನಿಜ ಪೊಟ್ಯಾಸಿಯಂ ಸೇರಿಸಿಕೊಂಡು, ನೀರನ್ನು ಬಿಟ್ಟುಕೊಟ್ಟು, ಉಬ್ಬದ ಇಲ್ಲೈಟ್ ಆಗುತ್ತದೆ. ಒಂದು ಶಿಲೆಯಲ್ಲಿ ಎಷ್ಟು ಸ್ಮೆಕ್ಟೈಟ್ ಇಲ್ಲೈಟಾಗಿದೆ ಎಂದು ನೋಡಿದರೆ ಅದು ಕಂಡ ಕಾವನ್ನು ಅಂದಾಜು ಮಾಡಬಹುದು. ಜೇಡಿಯೇ ಇಲ್ಲಿ ಉಷ್ಣಮಾಪಕ!

ಪಾಚಿಯಿಂದಲೇ ಎಣ್ಣೆಯಾಯಿತೆಂಬುದಕ್ಕೆ ಆಧಾರವೇನೆಂದು ವಾಚಕರು ಕೇಳಬಹುದು. 1930ರ ದಶಕದಲ್ಲಿ ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ ಎಂಬ ರಸಾಯನ ಶಾಸ್ತ್ರಜ್ಞರು ಕಲ್ಲೆಣ್ಣೆಯಲ್ಲಿಯೂ ಜೇಡಿಶಿಲೆಯಲ್ಲಿಯೂ ಪೋರ್ಫಿರಿನ್‌ಗಳನ್ನು ಕಂಡರು. ಎಲೆಗೆ ಹಸುರು ಕೊಡುವ ಕ್ಲೋರೊಫಿಲ್ಲಿನ ಚೌಕಟ್ಟೇ ಅವುಗಳದು. ನಡುವಿನ ಮೆಗ್ನೀಷಿಯಂ ಹೋಗಿ ಅನೇಕವೇಳೆ ವನೇಡಿಯಂ ಬಂದು ಕುಳಿತಿರುತ್ತದೆ. ಅತಿ ಉಷ್ಣದಲ್ಲಿ ಈ ಚೌಕಟ್ಟು ನಿಲ್ಲದು. ಆದುದರಿಂದ ಕಲ್ಲೆಣ್ಣೆಯು ಮಂದವಾದ ಉರಿಯಲ್ಲಿ ಆದ ಪಾಕವೆಂಬುದೂ ಅದರಿಂದಲೇ ತಿಳಿಯಿತು.

ಆಳದ ಬಾವಿಯೊಂದಕ್ಕೆ ಕೋಟಿಗಟ್ಟಲೆ ಹಣ ಬೇಕು. ಆದ್ದರಿಂದ ಕೊರೆದು ತೆಗೆದ ಕಲ್ಲಿನ ಒಂದು ಚಿಟಿಕೆ ಪುಡಿಯನ್ನು ಮೊದಲು ಪ್ರಯೋಗಶಾಲೆಯಲ್ಲಿ ಕಾಯಿಸಿ ನೋಡುತ್ತಾರೆ. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ರೂಪಿಸಿದ ರಾಕ್-ಇವಾಲ್ ಎಂಬ ಉಪಕರಣ ಇದಕ್ಕಾಗಿಯೇ ಇದೆ. ಮೊದಲ ಕಾವಿಗೆ ಹೊರಬರುವುದು ಆಗಲೇ ಆಗಿರುವ ಎಣ್ಣೆ. ಉರಿ ಏರಿದಾಗ ಒಡೆದು ಬರುವುದು ಇನ್ನೂ ಆಗಬಹುದಾಗಿದ್ದ ಎಣ್ಣೆ. ಕಿಮ್ಮರಿಜ್‌ನ ಪುಡಿಯಲ್ಲಿ ಮೊದಲನೆಯದು ಅಲ್ಪ, ಎರಡನೆಯದು ರಾಶಿ.