ಜಾಣ ಮಗಳು ತೋರಿಸಿದ ಕೆಲಸ

ಫ್ಯಾಮಿಲಿ ಥೆರಪಿ ಎಂದರೆ ಗಂಡ ಹೆಂಡತಿಯ ಜಗಳ ಬಿಡಿಸುವುದು ಎಂದುಕೊಂಡವರೇ ಹೆಚ್ಚು. ನಾನು ಈ ಕೆಲಸಕ್ಕೆ ಬಂದದ್ದು ಮಾತ್ರ ಜಗಳದಿಂದಲ್ಲ, ಮಗಳ ಜಾಣತನದಿಂದ.

ನಾಲ್ಕು ವರ್ಷಕ್ಕೇ ಅವಳು ಬಸ್ಸಿನ ಬೋರ್ಡು, ದಿನಸಿ ಕಟ್ಟಿಕೊಟ್ಟ ಪೇಪರು ಎಲ್ಲ ಓದುತ್ತಿದ್ದಳು. ನಮ್ಮ ಯಜಮಾನರು ತಿಪಟೂರಿನಲ್ಲಿ ಕೊಬ್ಬರಿ ಮಂಡಿಯೊಂದರ ಲೆಕ್ಕ ಬರೆಯುತ್ತಾರೆ. ಎರಡನೇ ಕ್ಲಾಸಿನ ಹುಡುಗಿ ಅವರ ಪಕ್ಕ ಕೂತು ಕ್ವಿಂಟಲ್ ದರವನ್ನು ಕೆ.ಜಿ.ಗೆ ಇಳಿಸಿ ಬಾಯಲ್ಲೇ ಮೊತ್ತ ಹೇಳುತ್ತಿದ್ದಳು. ಅದೇ ಹುಡುಗಿ ದೋಸೆ ಹರಿದುಹೋದರೆ ಅರ್ಧ ಗಂಟೆ ಅಳುತ್ತಿದ್ದಳು. ಲೆಕ್ಕ ಹನ್ನೆರಡು ವರ್ಷದವರದು, ಅಳು ನಾಲ್ಕು ವರ್ಷದವರದು. ಇದಕ್ಕೆ ‘ಅಸಿಂಕ್ರನಸ್ ಡೆವಲಪ್‌ಮೆಂಟ್’ ಎಂಬ ಹೆಸರಿದೆ ಎಂದು ಓದಿದ್ದು ಬಹಳ ವರ್ಷಗಳ ನಂತರ. ಆಗ ನಮ್ಮತ್ತೆ ದೃಷ್ಟಿ ತೆಗೆಯುತ್ತಿದ್ದರು, ಶಾಲೆಯವರು ‘ಪ್ರಶ್ನೆ ಜಾಸ್ತಿ’ ಎಂದು ಡೈರಿಯಲ್ಲಿ ಬರೆದು ಕಳಿಸುತ್ತಿದ್ದರು.

ಮನೆ ಸದ್ದಿಲ್ಲದೆ ಅವಳ ಸುತ್ತ ತಿರುಗತೊಡಗಿತು. ಯಾವಾಗ ಟಿ.ವಿ. ಹಾಕಬೇಕು, ಯಾವ ಮದುವೆಗೆ ಹೋಗಬೇಕು ಎಲ್ಲವೂ ಅವಳ ಓದು ನೋಡಿಕೊಂಡು. ಮುಂದಿನ ವರ್ಷ ನವೋದಯ ಪರೀಕ್ಷೆ ಬೇರೆ. ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ಮಗ ಊಟದ ತಟ್ಟೆ ಹಿಡಿದು ಜಗಲಿಗೆ ಹೋಗಲು ಶುರು ಮಾಡಿದ. ಆಮೇಲೆ ಹೊಟ್ಟೆನೋವು. ಆಮೇಲೆ ಶಾಲೆಗೇ ಹೋಗಲ್ಲ ಎಂದ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ಸರಿಯಿತ್ತು. ಡಾಕ್ಟರು ಆಪ್ತಸಮಾಲೋಚಕಿಯೊಬ್ಬರ ಬಳಿ ಕಳಿಸಿದರು. ಅವರು ಮನೆಮಂದಿಯೆಲ್ಲ ಬರಬೇಕು ಎಂದರು, ಅತ್ತೆಯೂ ಸೇರಿ.

ಮಗನನ್ನು ಅವರು ಏನೂ ಕೇಳಲಿಲ್ಲ. ಅತ್ತೆಯನ್ನು ಕೇಳಿದರು: ‘ಅಜ್ಜಿ, ಊಟಕ್ಕೆ ಕೂತಾಗ ನಿಮ್ಮನೇಲಿ ಯಾರ ವಿಷಯ ಮಾತಾಡ್ತೀರಿ?’

‘ಪುಟ್ಟೀದೇ ಕಣಮ್ಮ, ಇನ್ಯಾರ್ದು?’

ಮಗಳ ಕಡೆ ತಿರುಗಿ, ‘ಅಣ್ಣನ ವಿಷಯ ಯಾವಾಗ ಬರುತ್ತೆ ಪುಟ್ಟಾ?’

‘ಅವನಿಗೆ ಹೊಟ್ಟೆನೋವು ಬಂದಾಗ.’

ನಮ್ಮ ಯಜಮಾನರು ಮಗನ ಬೆನ್ನ ಮೇಲೆ ಕೈಯಿಟ್ಟರು, ಒಂದು ಮಾತೂ ಆಡಲಿಲ್ಲ. ಯಾರನ್ನೂ ಬೈಯದೆ, ಯಾರಿಗೂ ಬುದ್ಧಿ ಹೇಳದೆ ಎರಡೇ ಪ್ರಶ್ನೆಯಲ್ಲಿ ಇಡೀ ಮನೆ ಕಾಣುವಂತೆ ಮಾಡುವ ವಿದ್ಯೆ ಇದೆಯಲ್ಲ, ಅದನ್ನು ಕಲಿಯಬೇಕು ಎಂದು ನನಗೆ ಅನ್ನಿಸಿದ್ದು ಆಗಲೇ. ಮಗ ಶಾಲೆಗೆ ವಾಪಸಾಗಲು ಎರಡು ತಿಂಗಳು ಹಿಡಿಯಿತು. ಈಗ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿದ್ದಾನೆ.

ನನ್ನದು ಹಳೇ ಬಿ.ಎ. ಆಗ ಇಗ್ನೊ ದೂರಶಿಕ್ಷಣದಲ್ಲಿ ಎಂ.ಎಸ್ಸಿ. ಕೌನ್ಸೆಲಿಂಗ್ ಅಂಡ್ ಫ್ಯಾಮಿಲಿ ಥೆರಪಿ ಎಂಬ ಕೋರ್ಸ್ ಇತ್ತು, ಕನಿಷ್ಠ ಎರಡು ವರ್ಷದ್ದು, ಅದಕ್ಕೆ ಸೇರಿದೆ. ದೂರಶಿಕ್ಷಣ ಎಂದರೆ ಪುಸ್ತಕ ಓದಿ ಪರೀಕ್ಷೆ ಬರೆಯುವುದಷ್ಟೇ ಅಂದುಕೊಳ್ಳಬೇಡಿ. ಹಿರಿಯರ ಮೇಲ್ವಿಚಾರಣೆಯಲ್ಲಿ ಪ್ರಾಯೋಗಿಕ ಕೆಲಸ ಮಾಡಬೇಕಿತ್ತು. ನಾನು ಅದಕ್ಕೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಓಡಾಡಿದೆ. ಮೂರು ತಲೆಮಾರನ್ನು ಒಂದೇ ಹಾಳೆಯಲ್ಲಿ ಬರೆಯುವ ಜೀನೋಗ್ರಾಮ್ ಕಲಿತೆ: ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ನಮ್ಮತ್ತೆಗೆ ಕೇಳಿದಂಥ, ಒಬ್ಬರ ವಿಷಯವನ್ನು ಇನ್ನೊಬ್ಬರ ಬಾಯಿಂದ ಹೇಳಿಸುವ ಪ್ರಶ್ನೆಗೆ ಹೆಸರು ಸರ್ಕ್ಯುಲರ್ ಕ್ವೆಶ್ಚನಿಂಗ್. ಇಟಲಿಯ ಮಿಲಾನ್ ನಗರದ ಥೆರಪಿಸ್ಟ್‌ಗಳು ರೂಪಿಸಿದ ಕ್ರಮ ಅದು.

ಹಾಗಂತ ಎಲ್ಲವೂ ಹೊರಗಿನಿಂದ ಬಂದದ್ದಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಮನೆಯವರನ್ನೂ ಜತೆಗೇ ಉಳಿಸಿಕೊಂಡು ಚಿಕಿತ್ಸೆ ಕೊಟ್ಟರು. ನಮ್ಮ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಫ್ಯಾಮಿಲಿ ಸೈಕಿಯಾಟ್ರಿ ಕೇಂದ್ರವಿದೆ. ಪಠ್ಯದಲ್ಲಿ ನನಗೆ ಬಹಳ ಹಿಡಿಸಿದ್ದು ಆ ಡೇರೆಗಳ ಕಥೆಯೇ.

ಪ್ರತಿಭಾವಂತ ಮಗುವನ್ನು ಬೆಳೆಸಿದ ಅನುಭವ ಈ ಕೆಲಸಕ್ಕೆ ಬಂಡವಾಳವೇ ಹೌದು. ‘ಇವಳಿಗೆ ಎಲ್ಲ ಗೊತ್ತು, ಆದ್ರೆ ಬಟ್ಟೆ ಹಾಕ್ಕೊಳ್ಳಕ್ಕೆ ಬರಲ್ಲ’ ಎಂದು ತಾಯಿಯೊಬ್ಬರು ನಗುತ್ತಾ ಹೇಳಿದರೆ, ಆ ನಗುವಿನ ಹಿಂದಿನ ಸುಸ್ತು ನನಗೆ ಬೇಗ ಕೇಳಿಸುತ್ತದೆ. ಆದರೆ ಅದು ಅರ್ಧ ಮಾತ್ರ. ಪ್ರಾಯೋಗಿಕ ತರಬೇತಿಯಲ್ಲಿ ನಮ್ಮ ಮೇಡಂ ಪ್ರತಿ ವಾರ ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಇದು ಅವರ ಮನೆ ಕಥೆಯೋ, ನಿಮ್ಮ ಮನೆ ಕಥೆಯೋ?’ ಅನುಭವವಿದ್ದವರನ್ನು ಈ ಪ್ರಶ್ನೆ ಹೆಚ್ಚು ಕಾಡುತ್ತದೆ, ಕಾಡಲೂ ಬೇಕು.

ಉದ್ಯೋಗದ ಮಾತಿಗೆ ಬಂದರೆ, ಫ್ಯಾಮಿಲಿ ಥೆರಪಿಸ್ಟ್‌ಗೆ ನಮ್ಮಲ್ಲಿ ಪ್ರತ್ಯೇಕ ಲೈಸೆನ್ಸ್ ಎಂಬುದಿಲ್ಲ. ಆದರೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬೋರ್ಡು ಹಾಕಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸ್ ಮಾಡಿ ನೋಂದಾಯಿಸಿಕೊಳ್ಳಲೇಬೇಕು, ನನ್ನ ಎಂ.ಎಸ್ಸಿ.ಗೆ ಆ ಹಕ್ಕಿಲ್ಲ. ಆಸ್ಪತ್ರೆಯಲ್ಲೇ ಕೆಲಸ ಮಾಡುವ ಆಸೆಯಿರುವವರು ಮೊದಲೇ ಆ ದಾರಿ ಹಿಡಿಯುವುದು ಒಳ್ಳೆಯದು. ಎಂ.ಎಸ್.ಡಬ್ಲ್ಯು. ಓದಿದವರಿಗೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್ ಇದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯಲ್ಲೇ ಸಮಾಲೋಚಕರ ನೇಮಕಕ್ಕೆ ಅವಕಾಶವಿದೆ. ಶಾಲೆಗಳು, ಸಾಂತ್ವನ ಕೇಂದ್ರಗಳು, ಸ್ವಯಂಸೇವಾ ಸಂಸ್ಥೆಗಳಲ್ಲೂ ಕೆಲಸ ಸಿಗುತ್ತದೆ. ಆರಂಭದ ಸಂಬಳ ದೊಡ್ಡದಲ್ಲ, ಸಾಫ್ಟ್‌ವೇರ್ ಸ್ನೇಹಿತರ ಜತೆ ಹೋಲಿಸಿಕೊಂಡು ಕೂತರೆ ಬೇಸರವಾದೀತು.

ಸದ್ಯ ನಾನು ಎರಡು ಶಾಲೆಗಳಿಗೆ ಹೋಗುತ್ತೇನೆ. ಕುಟುಂಬಗಳನ್ನು ನೋಡುವುದು ಸಂಜೆ ಆರರ ಮೇಲೆ. ಅಪ್ಪ ಮಂಡಿಯಿಂದ, ಅಮ್ಮ ಗಾರ್ಮೆಂಟ್ಸ್‌ನಿಂದ, ಮಗು ಟ್ಯೂಷನ್‌ನಿಂದ ಬಂದು ಎಲ್ಲರೂ ಒಟ್ಟಿಗೆ ಸಿಗುವುದೇ ಆಗ. ಆಫೀಸ್ ಟೈಮಿನ ಕೆಲಸ ಬೇಕೆನ್ನುವವರಿಗೆ ಇದು ಒಗ್ಗುವುದಿಲ್ಲ. ನಮ್ಮ ಮನೆಯಲ್ಲಿ ಈಗ ರಾತ್ರಿ ಅಡುಗೆ ಮಗಳದ್ದು. ಪಿಯುಸಿ ಓದುತ್ತಿದ್ದಾಳೆ, ದೋಸೆ ಇನ್ನೂ ಹರಿಯುತ್ತದೆ.