ತಪ್ಪು ಊಹಿಸುವ ಪತ್ತೇದಾರ: ಇನ್‌ಸ್ಪೆಕ್ಟರ್ ಮೋರ್ಸ್

ಪತ್ತೇದಾರನೆಂದರೆ ಎಲ್ಲರಿಗಿಂತ ಮೊದಲು ಸತ್ಯ ಕಾಣುವವನು ಎಂಬುದು ಓದುಗರ ರೂಢಿಯ ಎಣಿಕೆ. ಷರ್ಲಾಕ್ ಹೋಮ್ಸ್ ಬಂದವನ ಬೂಟು, ಬೆರಳು ನೋಡಿಯೇ ಅವನ ಕಸುಬು ಹೇಳಿಬಿಡುತ್ತಾನೆ. 1987ರ ಜನವರಿ 6ರಂದು ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಮೊದಲ ಸಲ ಕಾಣಿಸಿಕೊಂಡ ಚೀಫ್ ಇನ್‌ಸ್ಪೆಕ್ಟರ್ ಮೋರ್ಸ್ ಬೇರೆ ಜಾತಿಯವನು. ಒಂದು ಕೊಲೆಗೆ ಅವನು ಭರ್ಜರಿಯಾದ ವಿವರಣೆಯೊಂದನ್ನು ಕಟ್ಟುತ್ತಾನೆ, ಅದು ಕುಸಿಯುತ್ತದೆ. ಮತ್ತೊಂದು ಕಟ್ಟುತ್ತಾನೆ, ಅದೂ ನಿಲ್ಲುವುದಿಲ್ಲ. ನಡುವೆ ತಪ್ಪು ಮನುಷ್ಯನ ಮೇಲೆ ಗುಮಾನಿಪಟ್ಟು ಅವನ ಬದುಕನ್ನು ಕಲಕಿರುತ್ತಾನೆ. ಆದರೂ 'ಇನ್‌ಸ್ಪೆಕ್ಟರ್ ಮೋರ್ಸ್' 2000ದ ನವೆಂಬರ್‌ವರೆಗೆ ನಡೆಯಿತು. ಒಟ್ಟು 33 ಕಂತುಗಳು. ಜನಪ್ರಿಯತೆ ತುದಿಮುಟ್ಟಿದ್ದಾಗ ಬ್ರಿಟನ್ ಒಂದರಲ್ಲೇ ಒಂದೂವರೆ ಕೋಟಿಗೂ ಮಿಕ್ಕ ಜನ ಅದನ್ನು ನೋಡುತ್ತಿದ್ದರು. ಪದೇ ಪದೇ ಎಡವುವ ಪತ್ತೇದಾರನನ್ನು ಇಷ್ಟು ಜನ ಮೆಚ್ಚಿದ್ದು ಹೇಗೆ?

ಪದಬಂಧದ ಮನೆಯಿಂದ ಬಂದವನು

ಮೋರ್ಸ್‌ನನ್ನು ಸೃಷ್ಟಿಸಿದವರು ಕಾಲಿನ್ ಡೆಕ್ಸ್ಟರ್. ಲ್ಯಾಟಿನ್, ಗ್ರೀಕ್ ಕಲಿಸುತ್ತಿದ್ದ ಶಾಲಾ ಮೇಷ್ಟ್ರು. ಕಿವಿ ಕೇಳಿಸದಾಗುತ್ತ ಬಂದು ಪಾಠ ಮಾಡುವುದು ಕಷ್ಟವಾದಾಗ ಆ ಕೆಲಸ ಬಿಟ್ಟು, 1966ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಸೇರಿದರು. ಕೆಲವು ವರ್ಷಗಳ ಬಳಿಕ ಸಂಸಾರ ಸಮೇತ ವೇಲ್ಸ್‌ಗೆ ರಜೆಗೆ ಹೋಗಿ ಮಳೆಯಲ್ಲಿ ಸಿಕ್ಕಿಬಿದ್ದಿದ್ದಾಗ ಪತ್ತೇದಾರಿ ಕತೆ ಬರೆಯಲು ಕೂತರು. ಮೊದಲ ಕಾದಂಬರಿ 'ಲಾಸ್ಟ್ ಬಸ್ ಟು ವುಡ್‌ಸ್ಟಾಕ್' 1975ರಲ್ಲಿ ಬಂತು. 1999ರ ಹೊತ್ತಿಗೆ ಮೋರ್ಸ್ ಕಾದಂಬರಿಗಳು 13 ಆದವು.

ಡೆಕ್ಸ್ಟರ್‌ಗೆ ಪದಬಂಧದ ಹುಚ್ಚು. ಮೋರ್ಸ್ ಎಂಬ ಹೆಸರು ಬಂದದ್ದು ಲಾಯ್ಡ್ಸ್ ಬ್ಯಾಂಕಿನ ಅಧ್ಯಕ್ಷರಾಗಿದ್ದ ಸರ್ ಜೆರೆಮಿ ಮೋರ್ಸ್ ಅವರಿಂದ; ಅವರು ಪದಬಂಧದ ಸ್ಪರ್ಧೆಗಳಲ್ಲಿ ಡೆಕ್ಸ್ಟರ್‌ಗೆ ಎದುರಾಳಿ. ಪತ್ತೇದಾರನ ಸಹಾಯಕ ಸಾರ್ಜೆಂಟ್ ಲೂಯಿಸ್‌ನ ಹೆಸರಿನ ಮೂಲವೂ ಅದೇ ಪದಬಂಧದ ಬಳಗ. ಇಂಗ್ಲಿಷ್ ಪತ್ರಿಕೆಗಳ ಕಗ್ಗಂಟಿನ ಪದಬಂಧದಲ್ಲಿ ಸುಳಿವು ಮೇಲ್ನೋಟಕ್ಕೆ ಒಂದು ಅರ್ಥ ಕೊಡುತ್ತದೆ, ಉತ್ತರ ಅಡಗಿರುವುದು ಇನ್ನೊಂದು ಅರ್ಥದಲ್ಲಿ. ಬಿಡಿಸುವವನು ಮೊದಲು ದಾರಿ ತಪ್ಪಲೇಬೇಕು. ತಪ್ಪಿದ್ದು ತಿಳಿದ ಮೇಲೆ ಅದೇ ಸಾಲನ್ನು ಹೊಸದಾಗಿ ಓದಬೇಕು. ಮೋರ್ಸ್‌ನ ತನಿಖೆ ನಡೆಯುವುದು ಹೀಗೆಯೇ. ಅವನ ತಪ್ಪುಗಳು ಕತೆಯನ್ನು ಲಂಬಿಸಲು ತುರುಕಿದವಲ್ಲ, ಉತ್ತರಕ್ಕೆ ಹೋಗುವ ಮೆಟ್ಟಿಲುಗಳು.

ಪಾಂಡಿತ್ಯ ಕೈಕೊಟ್ಟಾಗ

ಮೊದಲ ಕಂತು 'ದಿ ಡೆಡ್ ಆಫ್ ಜೆರಿಕೊ' ಇದಕ್ಕೆ ಒಳ್ಳೆಯ ಉದಾಹರಣೆ. ಜೆರಿಕೊ ಎಂಬುದು ಆಕ್ಸ್‌ಫರ್ಡಿನ ಕಾಲುವೆ ಬದಿಯ ಒಂದು ಕೇರಿ. ಮೋರ್ಸ್ ಮನಸ್ಸು ಕೊಟ್ಟಿದ್ದ ಹೆಂಗಸೊಬ್ಬಳು ಅಲ್ಲಿ ತನ್ನ ಮನೆಯಲ್ಲಿ ನೇಣುಬಿಗಿದ ಸ್ಥಿತಿಯಲ್ಲಿ ಸಿಗುತ್ತಾಳೆ. ಮೋರ್ಸ್‌ಗೆ ಆ ಸಾವಿನಲ್ಲಿ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಈಡಿಪಸ್ ಕತೆಯ ನೆರಳು ಕಾಣುತ್ತದೆ. ಒಂದೊಂದೇ ಪಾತ್ರವನ್ನು ಆ ಪುರಾಣಕ್ಕೆ ಹೊಂದಿಸಿ ಲೂಯಿಸ್‌ನೆದುರು ವಿವರಿಸುತ್ತಾನೆ. ನೋಡುವವರೂ ತಲೆದೂಗುವಷ್ಟು ಸೊಗಸಾದ ವಾದ. ಆದರೆ ಪುರಾಣ ಓದದ ಲೂಯಿಸ್ ಓಡಾಡಿ ತಂದ ಸಾದಾ ವಿವರಗಳ ಮುಂದೆ ಅದು ಉರುಳುತ್ತದೆ.

ನೋಡುಗನಿಗೆ ಇಲ್ಲಿ ಎರಡು ಖುಷಿ. ಜಾಣನ ಜಾಣತನದಲ್ಲಿ ಪಾಲು ಸಿಗುತ್ತದೆ; ಜಾಣನೂ ನಮ್ಮ ಹಾಗೆಯೇ ತನಗೆ ಬೇಕಾದದ್ದನ್ನೇ ಕಾಣುತ್ತಾನೆ ಎಂಬ ಸಮಾಧಾನವೂ ಸಿಗುತ್ತದೆ. ಹೆಣ ಕಂಡರೆ ಮುಖ ತಿರುಗಿಸುವ, ವ್ಯಾಗ್ನರ್ ಸಂಗೀತ ಕೇಳುತ್ತ ಒಬ್ಬನೇ ಸಂಜೆ ಕಳೆಯುವ, ಮೆಚ್ಚಿದ ಹೆಂಗಸೇ ಮೊಕದ್ದಮೆಯಲ್ಲಿ ಸಿಲುಕಿರುವುದನ್ನು ಕಂಡು ಕಂಗೆಡುವ ಮೋರ್ಸ್‌ಗೆ ಬುದ್ಧಿ ಕೊಲೆ ಬಿಡಿಸಲು ಸಾಕಾಗುತ್ತದೆ, ಬದುಕನ್ನು ಹಸನು ಮಾಡಿಕೊಳ್ಳಲು ಸಾಲುವುದಿಲ್ಲ.

ಆ ಪಾತ್ರಕ್ಕೆ ಜೀವ ತುಂಬಿದವರು ಜಾನ್ ಥಾ. 1970ರ ದಶಕದಲ್ಲಿ 'ದಿ ಸ್ವೀನಿ' ಸರಣಿಯಲ್ಲಿ ಬಾಗಿಲು ಒದ್ದು ನುಗ್ಗುವ ಒರಟು ಪೊಲೀಸನಾಗಿ ಹೆಸರಾಗಿದ್ದವರು ಅವರೇ. ಆ ಸಿಡುಕು ಮೋರ್ಸ್‌ನಲ್ಲೂ ಉಳಿಯಿತು, ಆದರೆ ಅದರ ಕೆಳಗೆ ಮುಜುಗರ, ಒಂಟಿತನ ಸೇರಿಕೊಂಡವು.

ಬಿಲ್ಲು ಕೊಡುವ ಸಾರ್ಜೆಂಟ್

ಕಾದಂಬರಿಗಳಲ್ಲಿ ಲೂಯಿಸ್ ವೇಲ್ಸ್ ಮೂಲದ, ವಯಸ್ಸಾದ ಮನುಷ್ಯ. ಟಿವಿಯವರು ಅವನನ್ನು ಉತ್ತರ ಇಂಗ್ಲೆಂಡಿನ ನ್ಯೂಕಾಸಲ್ ಕಡೆಯ ಯುವಕನನ್ನಾಗಿಸಿ, ಪಾತ್ರವನ್ನು ಕೆವಿನ್ ವೇಟ್ಲಿಗೆ ಕೊಟ್ಟರು. ಇದರಿಂದ ಕತೆಗೆ ಹೊಸ ಎಳೆ ಸಿಕ್ಕಿತು. ಒಬ್ಬ ಮದುವೆಯಾಗದವನು, ಇನ್ನೊಬ್ಬ ಹೆಂಡತಿ ಮಕ್ಕಳಿರುವವನು. ಒಬ್ಬ ಕಾಗದದ ಮೇಲಿನ ಕಾಗುಣಿತ ತಿದ್ದುವವನು, ಇನ್ನೊಬ್ಬ ಊಟದ ಹೊತ್ತಿಗೆ ಮನೆ ಸೇರಲು ಹಾತೊರೆಯುವವನು. ಬಿಯರ್ ಕುಡಿಯದೆ ತನಗೆ ಯೋಚನೆ ಓಡುವುದಿಲ್ಲ ಎನ್ನುವವನು ಮೋರ್ಸ್. ಪಬ್ಬಿನಲ್ಲಿ ಹಣ ತೆರುವವನು ಹೆಚ್ಚಾಗಿ ಲೂಯಿಸ್. ಗದರಿಕೆ, ಮುನಿಸು, ಬಾಯಿಬಿಟ್ಟು ಹೇಳದ ಅಕ್ಕರೆ ವರ್ಷಗಟ್ಟಲೆ ಹೀಗೆ ಬೆಳೆಯುತ್ತ ಹೋದವು. ಹಲವರು ಸರಣಿಗೆ ಮರಳುತ್ತಿದ್ದುದು ಕೊಲೆಗಾರನಿಗಿಂತ ಈ ಇಬ್ಬರಿಗಾಗಿ.

ಸಾವಧಾನದ ಸೊಗಸು

ಆಗಿನ ಪೊಲೀಸ್ ಧಾರಾವಾಹಿಗಳು ಸಾಮಾನ್ಯವಾಗಿ ಗಂಟೆಯೊಳಗೆ ಮುಗಿಯುತ್ತಿದ್ದವು. ಮೋರ್ಸ್‌ಗೆ ಜಾಹೀರಾತೂ ಸೇರಿ ಎರಡು ಗಂಟೆ. ಒಂದೊಂದು ಕಂತೂ ಒಂದು ಪೂರ್ಣ ಸಿನಿಮಾ. ಇಷ್ಟು ಹೊತ್ತು ಜನ ಕೂರುತ್ತಾರೆಯೇ ಎಂದು ಯಾರಿಗಾದರೂ ಅನುಮಾನ ಬರುವಂಥದ್ದೇ. ಆದರೆ ಆ ಬಿಡುವು ಸಿಕ್ಕಿದ್ದರಿಂದಲೇ ತಪ್ಪು ಊಹೆಗಳು ಹುಟ್ಟಿ, ಬೆಳೆದು, ಬೀಳಲು ಜಾಗವಾಯಿತು. ಮೊದಲ ಕಂತಿನ ಚಿತ್ರಕಥೆ ಆಂಥನಿ ಮಿಂಗೆಲ್ಲಾ ಅವರದು. ಮುಂದೆ ಅವರು 'ದಿ ಇಂಗ್ಲಿಷ್ ಪೇಷಂಟ್' ಸಿನಿಮಾಕ್ಕೆ ಆಸ್ಕರ್ ಪಡೆದರು. ಎರಡು ಕಂತುಗಳನ್ನು ನಿರ್ದೇಶಿಸಿದ ಡ್ಯಾನಿ ಬಾಯ್ಲ್ ಆಮೇಲೆ ಮುಂಬಯಿಗೆ ಬಂದು 'ಸ್ಲಮ್‌ಡಾಗ್ ಮಿಲಿಯನೇರ್' ಮಾಡಿದರು.

ಆಕ್ಸ್‌ಫರ್ಡ್ ಊರೂ ಒಂದು ಪಾತ್ರವೇ. ಶತಮಾನಗಳ ಕಾಲೇಜು ಗೋಡೆ, ಹಸಿರು ಹಾಸಿನ ಅಂಗಳ, ಒಳಗೆ ಪ್ರಾಧ್ಯಾಪಕರ ಹೊಟ್ಟೆಕಿಚ್ಚು, ಹುದ್ದೆಯ ಪೈಪೋಟಿ. ಕೌಲಿ ಬಡಾವಣೆಯಲ್ಲಿ ಕಾರು ಕಾರ್ಖಾನೆಯಿರುವ ಊರೂ ಇದೇ. ಇಲ್ಲೇ ಓದಿ, ಪ್ರೇಮದಲ್ಲಿ ಮುಗ್ಗರಿಸಿ, ಪದವಿ ಮುಗಿಸದೆ ಹೊರಬಿದ್ದವನು ಮೋರ್ಸ್. ಕೆಂಪು ಜಾಗ್ವಾರ್ ಕಾರಿನಲ್ಲಿ ಕಾಲೇಜಿನ ಗೇಟು ದಾಟುವಾಗ ಅವನು ಒಳಗಿನವನೂ ಹೌದು, ಹೊರಗಿನವನೂ ಹೌದು. ಪ್ರಾಧ್ಯಾಪಕರ ಮಾತು ಅವನಿಗೆ ಅರ್ಥವಾಗುತ್ತದೆ, ಅವರ ಬಿಗುಮಾನ ಚುಚ್ಚುತ್ತದೆ.

ಪದಬಂಧದ ಆಟ ಸಂಗೀತಕ್ಕೂ ಹಬ್ಬಿತು. ಬ್ಯಾರಿಂಗ್ಟನ್ ಫಿಲಾಂಗ್ ಹೊಸೆದ ಶೀರ್ಷಿಕೆ ಸಂಗೀತದ ಲಯ ತಂತಿ ಸಂದೇಶದ ಮೋರ್ಸ್ ಸಂಕೇತದ್ದು: ಎರಡು ಉದ್ದ, ಮೂರು ಉದ್ದ, ಗಿಡ್ಡ-ಉದ್ದ-ಗಿಡ್ಡ, ಮೂರು ಗಿಡ್ಡ, ಕೊನೆಗೊಂದು ಗಿಡ್ಡ. ಇಂಗ್ಲಿಷಿನ ಆ ಐದು ಅಕ್ಷರ ಸೇರಿದರೆ ಪತ್ತೇದಾರನ ಹೆಸರು. ಕೆಲವು ಕಂತುಗಳ ಹಿನ್ನೆಲೆ ಸಂಗೀತದಲ್ಲಿ ಫಿಲಾಂಗ್ ಕೊಲೆಗಾರನ ಹೆಸರನ್ನೂ ಹೀಗೇ ಬಚ್ಚಿಟ್ಟರು. ಡೆಕ್ಸ್ಟರ್ ಸ್ವತಃ ಬಹುತೇಕ ಎಲ್ಲ ಕಂತುಗಳಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಸುಳಿದು ಹೋಗುತ್ತಾರೆ. ಅವರನ್ನು ಹುಡುಕುವುದೂ ಅಭಿಮಾನಿಗಳಿಗೆ ಒಂದು ಆಟ.

ಮೋರ್ಸ್ ನಂತರ

2000ದ ನವೆಂಬರ್ 15ರಂದು ಪ್ರಸಾರವಾದ 'ದಿ ರಿಮೋರ್ಸ್‌ಫುಲ್ ಡೇ' ಕಂತಿನಲ್ಲಿ ಮೋರ್ಸ್ ಸಾಯುತ್ತಾನೆ. ಜಾನ್ ಥಾ 2002ರಲ್ಲಿ ತೀರಿಕೊಂಡರು, ಡೆಕ್ಸ್ಟರ್ 2017ರಲ್ಲಿ. ಆದರೆ ಕತೆ ನಿಲ್ಲಲಿಲ್ಲ. ಬಡ್ತಿ ಪಡೆದ ಲೂಯಿಸ್‌ನನ್ನೇ ನಾಯಕನಾಗಿಸಿ 2006ರಿಂದ 2015ರವರೆಗೆ 'ಲೂಯಿಸ್' ನಡೆಯಿತು. 1960ರ ದಶಕದ ಎಳೆಯ ಮೋರ್ಸ್‌ನಿಂದ ಶುರುವಾಗುವ 'ಎಂಡೆವರ್' 2012ರಲ್ಲಿ ಆರಂಭವಾಗಿ 2023ರಲ್ಲಿ ಮುಗಿಯಿತು. ಮೋರ್ಸ್ ಬಹುಕಾಲ ಬಚ್ಚಿಟ್ಟಿದ್ದ ತನ್ನ ಮೊದಲ ಹೆಸರೇ ಈ ಸರಣಿಯ ಶೀರ್ಷಿಕೆ.

ಹೊಸದಾಗಿ ನೋಡುವವರು ಕಾಲಕ್ರಮದ ಆಸೆಗೆ ಬಿದ್ದು 'ಎಂಡೆವರ್'ನಿಂದ ತೊಡಗುವುದಕ್ಕಿಂತ 1987ರ ಮೊದಲ ಕಂತಿನಿಂದ ತೊಡಗುವುದು ಒಳ್ಳೆಯದು. ಕೊಲೆಗಾರ ಯಾರೆಂದು ಊಹಿಸುವ ಅವಸರ ಬೇಡ. ಮೋರ್ಸ್ ಯಾವ ಗಳಿಗೆಯಲ್ಲಿ, ಯಾರ ಮೇಲಿನ ಮಮತೆಯಿಂದ ಅಥವಾ ಸಿಟ್ಟಿನಿಂದ ದಾರಿ ತಪ್ಪಿದ ಎಂದು ಗಮನಿಸಿ. ಅದು ಹಿಡಿತಕ್ಕೆ ಸಿಕ್ಕರೆ ಕೊಲೆಗಾರ ಗೊತ್ತಾದ ಮೇಲೂ ಆ ಕಂತನ್ನು ಇನ್ನೊಮ್ಮೆ ನೋಡಬಹುದು. ಇಷ್ಟು ವರ್ಷ ಸರಣಿ ಮರುಪ್ರಸಾರವಾಗುತ್ತಲೇ ಬಂದಿರುವ ಗುಟ್ಟೂ ಇಲ್ಲಿದೆ.